ಗೆರ್ಟ್ರೂಡ್ ಯಾಸ್ಪರ್ಸ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಜರ್ಮನ್ ತತ್ವಜ್ಞಾನಿ ಕಾರ್ಲ್ ಯಾಸ್ಪರ್ಸ್ ಅವರ ಪತ್ನಿ ಗೆರ್ಟ್ರೂಡ್ ಕುರಿತು ನೀವು ಕಳಿಸಿದ ಲೇಖನ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲಾಗದು. ಆದರೆ ಇದು ಕೈಬಿಡುವ ವಿಷಯವಲ್ಲ. ದಯವಿಟ್ಟು ಮತ್ತೆ ಬರೆಯಿರಿ.

ಮೊದಲ ನಾಲ್ಕು ಪುಟ ಯಾಸ್ಪರ್ಸ್ ಅವರ ತತ್ವಚಿಂತನೆಯಾದ ಅಸ್ತಿತ್ವವಾದಕ್ಕೇ ಹೋಗಿವೆ. ಐದನೆಯದರಲ್ಲಿ ಗೆರ್ಟ್ರೂಡ್ ನೇರವಾಗಿ ಮದುವಣಗಿತ್ತಿಯಾಗಿಯೇ ಬರುತ್ತಾರೆ. 1910ರಲ್ಲಿ ಮದುವೆಯಾದಾಗ ಅವರಿಗೆ 31 ವರ್ಷ, ಯಾಸ್ಪರ್ಸ್‌ಗೆ 27. ಅಷ್ಟರೊಳಗೆ ಪ್ರೆನ್ಸ್‌ಲೌ ಊರಿನ ಈ ಯಹೂದಿ ವರ್ತಕರ ಮಗಳು ಮನೋರೋಗಿಗಳ ಶುಶ್ರೂಷೆ ಮಾಡಿದ್ದರು, ಮುಂದೆ ಓದಲೆಂದು ಹೈಡೆಲ್‌ಬರ್ಗ್‌ಗೆ ಬಂದಿದ್ದರು. ಯಾಸ್ಪರ್ಸ್ ಪರಿಚಯವಾದದ್ದು 1907ರಲ್ಲಿ, ವೈದ್ಯಕೀಯ ಓದುತ್ತಿದ್ದ ಗೆರ್ಟ್ರೂಡ್ ಅವರ ತಮ್ಮ ಅರ್ನ್ಸ್ಟ್ ಮಾಯರ್ ಮೂಲಕ. ಅಲ್ಲಿಂದ ಶುರುಮಾಡಿ. ತತ್ವಶಾಸ್ತ್ರಕ್ಕೆ ಒಂದು ಪ್ಯಾರಾ ಸಾಕು.

ನಾಜಿಗಳು ಯಹೂದಿಗಳ ಗುರುತಿಗೆಂದು ಕಡ್ಡಾಯ ಮಾಡಿದ್ದ ಹಳದಿ ನಕ್ಷತ್ರವನ್ನು ಗೆರ್ಟ್ರೂಡ್ ಧರಿಸುತ್ತಿದ್ದರೆಂದು ಬರೆದಿದ್ದೀರಿ. ತಪ್ಪು. ಗಂಡ ಯಹೂದಿಯಲ್ಲದೆ, ಹೆಂಡತಿ ಯಹೂದಿಯಾಗಿದ್ದು, ಮಕ್ಕಳಿಲ್ಲದ ದಂಪತಿಯನ್ನು ನಾಜಿ ಆಡಳಿತ 'ವಿಶೇಷ ಸವಲತ್ತಿನ ಮಿಶ್ರವಿವಾಹ'ದಲ್ಲಿ ಸೇರಿಸಿತ್ತು. 1941ರ ನಕ್ಷತ್ರದ ಆಜ್ಞೆ ಅಂಥ ಹೆಂಡತಿಗೆ ಅನ್ವಯಿಸುತ್ತಿರಲಿಲ್ಲ. ಆದರೆ ಯಹೂದಿ ಹೆಂಗಸರು ಹೆಸರಿಗೆ 'ಸಾರಾ' ಸೇರಿಸಬೇಕೆಂಬ 1938ರ ಆಜ್ಞೆ ಅನ್ವಯಿಸುತ್ತಿತ್ತು. ಈ ವ್ಯತ್ಯಾಸ ಸಣ್ಣದಲ್ಲ. ವಿಚ್ಛೇದನವಾದರೆ ಅಥವಾ ಗಂಡ ಸತ್ತರೆ, ನಾಜಿ ಶಿಬಿರಕ್ಕೆ ಸಾಗಿಸದಂತೆ ಆ ಮದುವೆ ಕೊಟ್ಟಿದ್ದ ರಕ್ಷಣೆ ಮುಗಿಯಿತು. ಯಾಸ್ಪರ್ಸ್ ಅವರೋ ಚಿಕ್ಕಂದಿನಿಂದ ಶ್ವಾಸಕೋಶದ ರೋಗಿ. ಗೆರ್ಟ್ರೂಡ್ ಅವರ ಜೀವ ನಿಂತಿದ್ದುದು ಆ ಉಸಿರಿನ ಮೇಲೆ. ನಿಮ್ಮ ಲೇಖನದ ತಿರುಳು ಇದೇ ಆಗಬೇಕಿತ್ತು, ಇದೇ ಅದರಲ್ಲಿಲ್ಲ.

'ತ್ಯಾಗಮಯಿ', 'ಸಹನಾಮೂರ್ತಿ' ಇವನ್ನೆಲ್ಲ ಹೊಡೆದುಹಾಕಿ, ಆ ಜಾಗದಲ್ಲಿ ನಡೆದದ್ದನ್ನು ಹೇಳಿ. 1937ರಲ್ಲಿ ಯಹೂದಿ ಪತ್ನಿಯ ಕಾರಣಕ್ಕೆ ಯಾಸ್ಪರ್ಸ್ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು. ಯುದ್ಧದ ನಡುವೆ ಸ್ವಿಟ್ಜರ್‌ಲೆಂಡ್‌ಗೆ ಹೋಗಲು ಅವರೊಬ್ಬರಿಗೆ ಅನುಮತಿ ಸಿಕ್ಕಿತು, ಹೆಂಡತಿಗೆ ಸಿಗಲಿಲ್ಲ, ಅವರು ಹೋಗಲಿಲ್ಲ. ಇಬ್ಬರೂ ವಿಷ ಇಟ್ಟುಕೊಂಡಿದ್ದರು ಎಂಬುದಕ್ಕೆ ದಾಖಲೆಯಿದೆ. ಆದರೆ ಒಂದು ರಾತ್ರಿ ಅವರಿಬ್ಬರೂ ಆಡಿದರೆಂದು ನೀವು ಕೊಟ್ಟ ಒಂದೂವರೆ ಪುಟದ ಸಂಭಾಷಣೆಗೆ ದಾಖಲೆಯಿಲ್ಲ. ಅದನ್ನು ಪೂರ್ತಿ ತೆಗೆಯಿರಿ. ಜೀವನಚಿತ್ರದಲ್ಲಿ ಒಂದು ಕಲ್ಪಿತ ಮಾತು ಸಿಕ್ಕಿಬಿದ್ದರೆ ಓದುಗರು ಉಳಿದ ಸತ್ಯವನ್ನೂ ನಂಬುವುದಿಲ್ಲ.

'ಯುದ್ಧ ಮುಗಿದು ಬದುಕಿಕೊಂಡರು' ಎಂಬ ವಾಕ್ಯವೂ ಸಾಲದು. ದಂಪತಿಯನ್ನು ನಾಜಿ ಶಿಬಿರಕ್ಕೆ ಸಾಗಿಸಲು ಗೊತ್ತುಮಾಡಿದ್ದ ದಿನ 1945ರ ಏಪ್ರಿಲ್ 14. ಅಮೆರಿಕನ್ ಸೇನೆ ಹೈಡೆಲ್‌ಬರ್ಗ್ ತಲುಪಿದ್ದು ಮಾರ್ಚ್ 30ಕ್ಕೆ. ಎರಡೂ ದಿನಾಂಕ ಅಕ್ಕಪಕ್ಕ ಇಡಿ, ವಿಶೇಷಣ ಬೇಡ.

ಲೇಖನವನ್ನು ಯಾಸ್ಪರ್ಸ್ ಸಾವಿಗೆ ನಿಲ್ಲಿಸಿದ್ದೀರಿ. 1948ರಲ್ಲಿ ಇಬ್ಬರೂ ಸ್ವಿಟ್ಜರ್‌ಲೆಂಡ್‌ನ ಬಾಸೆಲ್‌ಗೆ ಹೋಗಿ ನೆಲೆಸಿದರು. ಯಾಸ್ಪರ್ಸ್ ತೀರಿಕೊಂಡದ್ದು 1969ರ ಫೆಬ್ರವರಿ 26, ಗೆರ್ಟ್ರೂಡ್ ಅವರ 90ನೇ ಹುಟ್ಟುಹಬ್ಬದಂದು. ಆಕೆ 1974ರವರೆಗೆ ಬದುಕಿದ್ದರು. ಲೇಖನ ಅವರ ಬಗ್ಗೆಯಾದರೆ ಅಲ್ಲಿಯವರೆಗೂ ಹೋಗಬೇಕು.

1,800 ಪದ ಮೀರದಂತೆ ತಿದ್ದಿ ಕಳಿಸಿ.

— ಸಂಪಾದಕ