ಸಿಗ್ನಲ್ ಫುಲ್, ಆದರೂ ಕಾಲ್ ಕಟ್: ಮನೆ ವೈಫೈ ಕೊಟ್ಟಿಗೆಗೆ ಮುಟ್ಟಬೇಕಾದರೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. 60 ಮೀಟರ್ ದೂರದಲ್ಲಿದ್ದ ಹಳೇ ಕೊಟ್ಟಿಗೆಯನ್ನು ರಿಪೇರಿ ಮಾಡಿಸಿ ಮಗಳಿಗೆ ಆಫೀಸ್ ಕೋಣೆ ಮಾಡಿದ್ದೇವೆ. ಮೆಶ್ ವೈಫೈನ (ಹಲವು ಪೆಟ್ಟಿಗೆ ಸೇರಿ ಸಿಗ್ನಲ್ ಹಂಚುವ ವೈಫೈ) ಮೂರನೇ ನೋಡ್, ಅಂದರೆ ಮೂರನೇ ಪೆಟ್ಟಿಗೆ, ಅಲ್ಲಿಟ್ಟಿದ್ದೇವೆ. ಮೊಬೈಲ್‌ನಲ್ಲಿ ಸಿಗ್ನಲ್ ಫುಲ್, ಆದರೆ ವಿಡಿಯೊ ಕಾಲ್ ಪದೇ ಪದೇ ಕಟ್. ಇನ್ನೊಂದು ನೋಡ್ ತರಬೇಕಾ?

ಉತ್ತರ: ಬೇಡ. ದಯವಿಟ್ಟು ತರಬೇಡಿ. ಇದೇ ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ, ಕೇಳುವವರಲ್ಲಿ ಅರ್ಧ ಜನ ಆಗಲೇ ಅಂಗಡಿಯವನ ಮಾತು ಕೇಳಿ ನಾಲ್ಕನೆಯದನ್ನೂ ತಂದಿರುತ್ತಾರೆ. ಮೊಬೈಲ್ ತೋರಿಸುವ ಗೆರೆಗಳು ಮೊಬೈಲ್‌ಗೂ ಪಕ್ಕದ ನೋಡ್‌ಗೂ ಇರುವ ಸಂಬಂಧ ಅಷ್ಟೇ. ಆ ನೋಡ್‌ಗೆ ಮನೆಯ ರೂಟರ್ ಎಷ್ಟು ಕೇಳಿಸುತ್ತಿದೆ ಅನ್ನುವುದು ಬೇರೆ ಮಾತು. ನಡುವೆ ಜಂಬಿಟ್ಟಿಗೆ ಗೋಡೆ, ತಗಡಿನ ಶೀಟು, ಮಳೆಗೆ ನೆಂದ ಅಡಿಕೆ ಸೋಗೆ. ವೈಫೈನ 5 ಗಿಗಾಹರ್ಟ್ಸ್ ಅಲೆ ಇವನ್ನೆಲ್ಲ ದಾಟಿ ಹೋಗುವಾಗಲೇ ಸೊರಗಿರುತ್ತದೆ. ಮೆಶ್ ಆ್ಯಪ್‌ನಲ್ಲಿ ನೋಡ್‌ನ ಸಿಗ್ನಲ್ ನೋಡಿ, ಮೈನಸ್ 65 ಡಿಬಿಎಂ (ಸಿಗ್ನಲ್ ಅಳೆಯುವ ಮಾನ) ಆಸುಪಾಸಿನಲ್ಲಿದ್ದರೆ ಸರಿ, ಮೈನಸ್ 75 ದಾಟಿ ಮೈನಸ್ 80ರ ಕಡೆ ಹೋಗಿದ್ದರೆ ನಿಮ್ಮ ಉತ್ತರ ಅಲ್ಲೇ ಇದೆ.

ಆ ನೋಡ್‌ಗೆ ಮನೆಯಿಂದ ಕೇಬಲ್ ಬೇಕು. ಆದರೆ ತಾಮ್ರದ್ದಲ್ಲ, ಫೈಬರ್. ತಾಮ್ರದ ಈಥರ್ನೆಟ್ ಕೇಬಲ್ 100 ಮೀಟರ್ ತನಕ ಹೋಗುತ್ತದಲ್ವಾ ಅಂತೀರಿ. ಹೋಗುತ್ತದೆ, ಸಿಡಿಲೂ ಅದರ ಜೊತೆಗೇ ಬರುತ್ತದೆ. ಏಪ್ರಿಲ್-ಮೇ ತಿಂಗಳ ಮಲೆನಾಡಿನ ಗುಡುಗು ಗೊತ್ತಲ್ಲ, ಸಿಡಿಲು ತೋಟದಲ್ಲೆಲ್ಲೋ ಬಿದ್ದರೂ ಸಾಕು, ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಏರಿ ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಹಾಗೆ ಸತ್ತ ರೂಟರನ್ನು ಬಿಚ್ಚಿ ನೋಡಿದ್ದೇನೆ: ಹೊರಗೆ ಏನೂ ಆಗಿಲ್ಲ, ಕೇಬಲ್ ಸಿಕ್ಕಿಸುವ ತೂತಿನ ಹಿಂದಿನ ಚಿಪ್ ಮಾತ್ರ ಕರಕಲು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲ್ ಟಿವಿಯವರು ಎಳೆಯುವ ಫೈಬರ್ ಜೊತೆ ಸಾಮಾನ್ಯವಾಗಿ ಒಂದು ಉಕ್ಕಿನ ತಂತಿ ಇರುತ್ತದೆ, ಅದು ಇದ್ದರೆ ಮಾಡಿದ್ದೆಲ್ಲ ವ್ಯರ್ಥ. ಲೋಹ ಇಲ್ಲದ್ದನ್ನೇ ಕೇಳಿ ತನ್ನಿ.

ಎರಡು ಅಡಿ ಆಳದಲ್ಲಿ ಎಚ್‌ಡಿಪಿಇ ಪೈಪ್ ಹಾಕಿ, ಒಳಗೆ ಒಂದರ ಬದಲು ಎರಡು ಎಳೆ ಎಳೆಯಿರಿ, ಜೊತೆಗೊಂದು ನೈಲಾನ್ ಹಗ್ಗವನ್ನೂ ಬಿಟ್ಟಿರಿ. ಹೆಗ್ಗಣ ಕಚ್ಚಿದ ದಿನ ಹೊಸ ಎಳೆ ಎಳೆಯಲು ಆ ಹಗ್ಗದ ಬೆಲೆ ಗೊತ್ತಾಗುತ್ತದೆ. ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಬೇಕು, ಫೈಬರ್‌ನ ಬೆಳಕನ್ನು ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆ ಅದು. ಒಂದೇ ಎಳೆಯಲ್ಲಿ ನಡೆಸುವುದಾದರೆ ಒಂದು ಕಡೆ ಎ ಮಾದರಿಯ ಕನ್ವರ್ಟರ್, ಇನ್ನೊಂದು ಕಡೆ ಬಿ ಮಾದರಿಯದು, ಯಾಕೆಂದರೆ ಹೋಗುವ ಬೆಳಕು ಬೇರೆ, ಬರುವ ಬೆಳಕು ಬೇರೆ. ಎರಡೂ ಎ ತಂದು, ಕೆಲಸ ಮಾಡ್ತಿಲ್ಲ ಸಾರ್ ಅಂತ ಫೋನ್ ಮಾಡುವವರು ಬಹಳ. ಹಸಿರು ಕನೆಕ್ಟರನ್ನು ನೀಲಿ ತೂತಿಗೆ ಒತ್ತಿ ಸಿಕ್ಕಿಸಬೇಡಿ, ಎರಡರ ತುದಿ ಉಜ್ಜಿರುವ ಕೋನವೇ ಬೇರೆ. ಕೊಟ್ಟಿಗೆ ಕಡೆಯ ಕನ್ವರ್ಟರ್, ನೋಡ್ ಎರಡನ್ನೂ ಇನ್ವರ್ಟರ್ ಲೈನಿಗೆ ಕೊಡಿ. ಕರೆಂಟ್ ಲೈನಿನಲ್ಲೂ ಸಿಡಿಲು ಬರುತ್ತದೆ, ಹಾಗಾಗಿ ಗುಡುಗು ಶುರುವಾದರೆ ನಾನಂತೂ ಇವತ್ತಿಗೂ ಪ್ಲಗ್ ಕಿತ್ತಿಡುತ್ತೇನೆ.

ಪ್ರಶ್ನೆ: ಗದ್ದೆಯಾಚೆ ಪಂಪ್‌ಹೌಸ್ ಇದೆ. ಅಗೆಯಲು ಆಗುವುದಿಲ್ಲ. ಅಲ್ಲಿಗೆ ವೈಫೈ ಹೇಗೆ?

ಉತ್ತರ: ಮನೆಯ ಹತ್ತಿರ ನಿಂತರೆ ಅದು ಕಣ್ಣಿಗೆ ಕಾಣುತ್ತದಾ? ಕಂಡರೆ ಹೊರಾಂಗಣ ವೈರ್‌ಲೆಸ್ ಬ್ರಿಡ್ಜ್ ಜೋಡಿ ಸಾಕು, ಎದುರೆದುರು ಇಟ್ಟು ತಂತಿಯಿಲ್ಲದೆ ಸಿಗ್ನಲ್ ದಾಟಿಸುವ ಎರಡು ಪೆಟ್ಟಿಗೆ. ಮಧ್ಯೆ ಮರ ಇದ್ದರೆ ಬೇಸಿಗೆಯಲ್ಲಿ ನಡೆದದ್ದು ಜುಲೈಯಲ್ಲಿ ಕೈಕೊಡುತ್ತದೆ.

ಪ್ರಶ್ನೆ: ಪ್ಲಗ್‌ಗೆ ಸಿಕ್ಕಿಸಿದರೆ ಸ್ಪೀಡ್ ಡಬಲ್ ಮಾಡುವ 700 ರೂಪಾಯಿಯ ಬೂಸ್ಟರ್ ಹೇಗೆ?

ಉತ್ತರ: ಮೋಸ. ಹೆಚ್ಚೆಂದರೆ ಅದೊಂದು ಅಗ್ಗದ ರಿಪೀಟರ್, ಕೇಳಿಸಿಕೊಂಡ ರೇಡಿಯೊದಲ್ಲೇ ಮತ್ತೆ ಹೇಳುತ್ತದೆ, ಅಂದರೆ ಸ್ಪೀಡ್ ಅರ್ಧ.

ಪ್ರಶ್ನೆ: ವೈಫೈ ಇಟ್ಟರೆ ಹಸು ಹಾಲು ಕಡಿಮೆ ಕೊಡುತ್ತದಂತೆ?

ಉತ್ತರ: ಸುಳ್ಳು. ಮನೆ ರೂಟರ್ ಹೊರಗೆ ಕಳಿಸುವ ಶಕ್ತಿ ಒಂದು ವ್ಯಾಟ್‌ಗಿಂತ ಕಡಿಮೆ. ಹಾಲು ಕಡಿಮೆಯಾಗಿದ್ದರೆ ಪಶುವೈದ್ಯರನ್ನು ಇವತ್ತೇ ಕರೆಸಿ, ಆ್ಯಂಟಿ-ರೇಡಿಯೇಷನ್ ಸ್ಟಿಕ್ಕರ್ ಮಾರುವವನನ್ನು ಗೇಟಿನ ಒಳಗೆ ಬಿಡಬೇಡಿ.