ಕರಿ ಕೋಟು ತೊಡುವವರೆಗೆ ನಾನು ಟೈಪಿಂಗ್ ಮಾಡುವ ಹುಡುಗಿ

ಎಲ್‌ಎಲ್‌ಬಿ ಮುಗಿದಿದೆ, ಮುಂದಿನ ತಿಂಗಳು ವಕೀಲಿ ಮಾಡುವ ಪರವಾನಗಿಯಾದ ಸನ್ನದು ಕೈಗೆ ಬರುತ್ತದೆ, ಸೇರಲಿರುವ ಕಚೇರಿಯ ಸೀನಿಯರ್ ವಕೀಲರು ‘ಹೆಣ್ಣುಮಕ್ಕಳು ನೋಡಲು ಸ್ವಲ್ಪ ಠಾಕುಠೀಕಾಗಿರಬೇಕು’ ಎಂದಿದ್ದಾರೆ, ನನ್ನ ಹತ್ತಿರ ಒಳ್ಳೆಯ ಸೀರೆ ಇರುವುದು ಎರಡೇ, ಈ ವೃತ್ತಿಯಲ್ಲಿ ಹೆಣ್ಣಿನ ತೋರಿಕೆ ನಿಜವಾಗಿ ಎಷ್ಟು ಲೆಕ್ಕಕ್ಕೆ ಬರುತ್ತದೆ ಎಂದು ಕೇಳಿದ್ದೀರಿ. ನಾನು ಕಲ್ಯಾಣ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ 22 ವರ್ಷಗಳಿಂದ ವಕೀಲಿ ಮಾಡುತ್ತಿದ್ದೇನೆ. ಹೆಚ್ಚಿನವು ಜೀವನಾಂಶದ ಅರ್ಜಿಗಳು, ಆಸ್ತಿ ಪಾಲಿನ ದಾವೆಗಳು. ನಿಮ್ಮನ್ನು ತಂಗಿಯೆಂದುಕೊಂಡೇ ಬರೆಯುತ್ತೇನೆ.

ಲೆಕ್ಕಕ್ಕೆ ಬರುತ್ತದೆ. ಮೊದಲ ಎರಡು ವರ್ಷಗಳಲ್ಲಂತೂ ನೀವು ಎಣಿಸಿರುವುದಕ್ಕಿಂತ ಹೆಚ್ಚಾಗಿಯೇ ಬರುತ್ತದೆ. ಆದರೆ ನಿಮ್ಮ ಸೀನಿಯರ್ ಹೇಳಿದ ಅರ್ಥದಲ್ಲಿ ಬರಬೇಕಾಗಿಲ್ಲ.

ನಾನು ಸೇರಿದ ಹೊಸತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ ಕಡತ ಓದುತ್ತಿದ್ದೆ. ಪಕ್ಕದಲ್ಲಿ ನನಗಿಂತ ಎರಡು ತಿಂಗಳು ತಡವಾಗಿ ಸೇರಿದ, ನನ್ನದೇ ವಯಸ್ಸಿನ ಹುಡುಗ. ಅವನೂ ಕೋಟು ಬಿಚ್ಚಿದ್ದ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು ಅವನಿಗೆ ‘ನಮಸ್ಕಾರ ವಕೀಲ ಸಾಹೇಬರೇ’ ಎಂದು ಕೈ ಮುಗಿದರು. ನನ್ನ ಕಡೆ ಕೈಬರಹದ ಒಂದು ಕಾಗದ ಚಾಚಿ ‘ಇದನ್ನಷ್ಟು ಟೈಪ್ ಮಾಡಿ ಕೊಡು ತಂಗೀ’ ಎಂದರು. ಅವರ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ. ಅವರು ಅದುವರೆಗೆ ಹೆಣ್ಣು ವಕೀಲರನ್ನು ಕಂಡೇ ಇರಲಿಲ್ಲ. ಮರುದಿನ ಕೋಟು, ವಕೀಲರು ಕೊರಳಿಗೆ ಕಟ್ಟುವ ಬಿಳಿ ಪಟ್ಟಿಯಾದ ಬ್ಯಾಂಡು ಹಾಕಿಕೊಂಡು ಕೋರ್ಟ್ ಹಾಲಿನ ಬಾಗಿಲಲ್ಲಿ ಎದುರಾದಾಗ ಅದೇ ಹಿರಿಯರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಆ ಹುಡುಗನಿಗೆ ಅಂಗಿಯಲ್ಲಿಯೇ ಸಿಕ್ಕಿದ್ದ ಗೌರವಕ್ಕೆ ನನಗೆ ಕೋಟು ಬೇಕಾಯಿತು. ಅಂದಿನಿಂದ ಒಂದು ವರ್ಷ, 42 ಡಿಗ್ರಿ ಬಿಸಿಲಿದ್ದರೂ, ನ್ಯಾಯಾಲಯದ ಆವರಣದಲ್ಲಿ ನಾನು ಕೋಟು ಬಿಚ್ಚಲಿಲ್ಲ.

ಹಾಗಾಗಿ ‘ಉಡುಗೆಯಲ್ಲಿ ಏನಿದೆ, ಕೆಲಸ ಮಾತನಾಡುತ್ತದೆ’ ಎನ್ನುವವರ ಮಾತನ್ನು ಹೊಸದಾಗಿ ಬರುವ ಹೆಣ್ಣುಮಗಳಿಗೆ ನಾನು ಹೇಳುವುದಿಲ್ಲ. ಕೆಲಸ ಮಾತನಾಡಬೇಕಾದರೆ ಮೊದಲು ಕೆಲಸ ಕೈಗೆ ಬರಬೇಕು. ವಕೀಲರ ಉಡುಪು ನಮ್ಮಂಥವರಿಗೆ ಮಾಡುವ ದೊಡ್ಡ ಉಪಕಾರವೆಂದರೆ, ಇವಳು ಯಾರ ಮಗಳು, ಯಾರ ಹೆಂಡತಿ, ಯಾರ ಕಚೇರಿಯ ಹುಡುಗಿ ಎಂಬ ಪ್ರಶ್ನೆಗಳು ಏಳುವ ಮೊದಲೇ ಇವಳು ವಕೀಲೆ ಎಂದು ತಿಳಿಸಿಬಿಡುವುದು. ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಿ.

ಈಗ ನಿಮ್ಮ ಸೀನಿಯರ್ ಮಾತಿಗೆ ಬರೋಣ. ಠಾಕುಠೀಕು ಎಂದರೇನು ಎಂಬುದನ್ನು ಅವರ ಕಣ್ಣಿಗೆ ಬಿಡಬೇಕಾಗಿಲ್ಲ, ಅದು ಬರೆದಿಟ್ಟ ವಿಷಯ. 1961ರ ವಕೀಲರ ಕಾಯ್ದೆಯ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು ಮಾಡಿರುವ ನಿಯಮಗಳಲ್ಲಿ ಮಹಿಳೆಯರ ಉಡುಪಿನ ವಿವರ ಇದೆ. ಕರಿಯ ತುಂಬುತೋಳಿನ ಜಾಕೆಟ್ ಅಥವಾ ರವಿಕೆ, ಇಲ್ಲವೇ ಬಿಳಿ ರವಿಕೆಯ ಮೇಲೆ ಕರಿ ಕೋಟು, ಬಿಳಿ ಬ್ಯಾಂಡು, ಸೀರೆಯಾದರೆ ಬಿಳಿ, ಕಪ್ಪು ಅಥವಾ ಕಣ್ಣು ಕುಕ್ಕದ ಯಾವುದೇ ತಿಳಿ ಬಣ್ಣ, ಅಚ್ಚು ಚಿತ್ತಾರ ಇರಬಾರದು. ಬಿಳಿ ಇಲ್ಲವೇ ಕಪ್ಪು ಚೂಡಿದಾರ, ಸಲ್ವಾರ್ ಕೂಡ ಆಗುತ್ತದೆ, ದುಪಟ್ಟಾ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕೋಟಿನ ಮೇಲೆ ತೊಡುವ ಕರಿ ನಿಲುವಂಗಿ, ಅಂದರೆ ಗೌನು, ಹೈಕೋರ್ಟು, ಸುಪ್ರೀಂ ಕೋರ್ಟುಗಳಲ್ಲಿ ಮಾತ್ರ ಕಡ್ಡಾಯ. ಬೇಸಿಗೆಯಲ್ಲಿ ಆ ಎರಡು ಕಡೆ ಬಿಟ್ಟು ಉಳಿದೆಡೆ ಕೋಟೂ ಕಡ್ಡಾಯವಲ್ಲ. ಇಷ್ಟೇ. ಮುಖಕ್ಕೆ ಏನು ಹಚ್ಚಬೇಕು, ಕೂದಲು ಎಷ್ಟುದ್ದ ಇರಬೇಕು, ಹಣೆಗೆ ಬೊಟ್ಟು ಬೇಕೇ, ಬಳೆ ಎಷ್ಟು, ಮೈಬಣ್ಣ ಯಾವುದು, ತೂಕ ಎಷ್ಟು ಎಂದು ಅಲ್ಲಿ ಒಂದಕ್ಷರವೂ ಇಲ್ಲ. ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಿ. ಯಾರಾದರೂ ‘ಕೋರ್ಟಿಗೆ ಸೀರೆಯನ್ನೇ ಉಟ್ಟು ಬರಬೇಕು’ ಎಂದರೆ ತೋರಿಸಲು ಬೇಕಾಗುತ್ತದೆ. ನನಗೆ ಎರಡು ಸಲ ಬೇಕಾಯಿತು.

ಬರೆದದ್ದನ್ನು ಪಾಲಿಸುವುದು ಸುಲಭ. ಬರೆಯದೇ ಇರುವುದು ಮೈ ಹಿಂಡುತ್ತದೆ. ಒಂದೇ ವರ್ಷದಲ್ಲಿ, ವಕೀಲರ ಸಂಘದ ಒಂದೇ ಕೋಣೆಯಲ್ಲಿ, ‘ಇಷ್ಟು ಸಪ್ಪೆಯಾಗಿ ಬಂದರೆ ಕಕ್ಷಿದಾರರು ಹೇಗೆ ನಂಬುತ್ತಾರೆ’ ಎಂಬ ಮಾತನ್ನೂ ಕೇಳಿದೆ. ಒಂದು ಶುಕ್ರವಾರ ಮಲ್ಲಿಗೆ ಮುಡಿದು ಹೋದಾಗ ‘ಇವತ್ತು ಮದುವೆ ಮನೆ ಎಲ್ಲಿ’ ಎಂಬ ಮಾತನ್ನೂ ಕೇಳಿದೆ. ಅಂದು ಬಾತ್‌ರೂಮಿಗೆ ಹೋಗಿ ಹೂ ತೆಗೆದೆ. ಆ ಹೂವನ್ನು ತೆಗೆಯಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ.

2022ರ ಅಕ್ಟೋಬರಿನಲ್ಲಿ ಪುಣೆ ಜಿಲ್ಲಾ ನ್ಯಾಯಾಲಯದಲ್ಲಿ ಒಂದು ಸೂಚನಾಪತ್ರ ಹೊರಟಿತ್ತು. ಮಹಿಳಾ ವಕೀಲರು ನ್ಯಾಯಾಲಯದ ಹಾಲಿನಲ್ಲಿ ಕೂದಲು ಸರಿಪಡಿಸಿಕೊಳ್ಳುವುದರಿಂದ ಕಲಾಪಕ್ಕೆ ಅಡ್ಡಿಯಾಗುತ್ತಿದೆ, ಹಾಗೆ ಮಾಡಬಾರದು ಎಂದು. ದೇಶದೆಲ್ಲೆಡೆಯ ವಕೀಲರು ಪ್ರಶ್ನಿಸಿದ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಅಮೆರಿಕದಲ್ಲಿ ಇದರ ಇನ್ನೊಂದು ತುದಿ ನಡೆದಿತ್ತು. ಆ್ಯನ್ ಹಾಪ್ಕಿನ್ಸ್ ಎಂಬವರು ಪ್ರೈಸ್ ವಾಟರ್‌ಹೌಸ್ ಎಂಬ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಯಲ್ಲಿದ್ದರು. ಪಾಲುದಾರಿಕೆಗೆ ಆ ವರ್ಷ ಹೆಸರಿಸಿದ್ದ 88 ಮಂದಿಯಲ್ಲಿ ಅವರೊಬ್ಬರೇ ಹೆಣ್ಣು. ಸಂಸ್ಥೆಗೆ ಕೋಟ್ಯಂತರ ಡಾಲರಿನ ಸರ್ಕಾರಿ ಗುತ್ತಿಗೆ ತಂದುಕೊಟ್ಟಿದ್ದರೂ ಬಡ್ತಿ ಸಿಗಲಿಲ್ಲ. ಮುಂದೆ ಸಿಗಬೇಕಾದರೆ ಹೆಣ್ಣಿನಂತೆ ನಡೆ, ಹೆಣ್ಣಿನಂತೆ ಮಾತನಾಡು, ಮೇಕಪ್ ಮಾಡಿಕೋ, ಕೂದಲು ಸಿಂಗರಿಸಿಕೋ, ಒಡವೆ ಹಾಕಿಕೋ ಎಂಬ ಸಲಹೆ ಬಂತು. 1989ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಇಂಥ ಅಚ್ಚಿಗೆ ಹೆಣ್ಣನ್ನು ತುರುಕುವುದೂ ಲಿಂಗ ತಾರತಮ್ಯವೇ ಎಂದು ಒಪ್ಪಿತು. ಅಲ್ಲಿ ಕೂದಲು ಸಿಂಗರಿಸಿಕೊಳ್ಳಲಿಲ್ಲವೆಂದು ದೂರು, ಇಲ್ಲಿ ಕೂದಲಿಗೆ ಕೈ ಹಚ್ಚಿದಳೆಂದು ದೂರು. ಈ ಎರಡನ್ನೂ ಜೊತೆಗಿಟ್ಟು ಓದಿದ ಮೇಲೆ, ಎಲ್ಲರ ಕಣ್ಣಿಗೂ ಸರಿ ಕಾಣುವ ಒಂದು ಅಳತೆ ಎಲ್ಲೋ ಇದೆ, ಹುಡುಕಿದರೆ ಸಿಗುತ್ತದೆ ಎಂಬ ಆಸೆಯನ್ನು ನಾನು ಬಿಟ್ಟೆ.

ನಿಯಮ ಕೆಲಸದಿಂದಲೇ ಹುಟ್ಟಿ ಬಂದಿದ್ದರೆ ಅದು ಬೇರೆಯೇ ಆಗಿರುತ್ತದೆ. ನಮ್ಮ ರಾಜ್ಯದ ಪೊಲೀಸ್ ಪಡೆಯ ಮೊದಲ ಮಹಿಳಾ ಮುಖ್ಯಸ್ಥೆ ನೀಲಮಣಿ ರಾಜು ಅವರು 2018ರ ಅಕ್ಟೋಬರಿನಲ್ಲಿ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಪ್ಯಾಂಟು, ಶರ್ಟು ಧರಿಸಬೇಕೆಂದು ಸುತ್ತೋಲೆ ಹೊರಡಿಸಿದರು. ಬಂದೋಬಸ್ತಿನಲ್ಲಿ ಓಡಬೇಕಾದವರಿಗೆ ಸೀರೆ ಎಷ್ಟು ತೊಡಕು ಎಂಬುದು ಉಟ್ಟು ಓಡಿದವರಿಗೇ ಗೊತ್ತು.

ಇನ್ನು ನಾನು ಬರೆಯಲೇಬೇಕಾದ ವಿಷಯ. ಅದು ನಮ್ಮ ಕಕ್ಷಿದಾರ ಹೆಣ್ಣುಮಕ್ಕಳದು. ಜೀವನಾಂಶದ ಅರ್ಜಿ ಹಾಕಿದವರಿಗೆ ಹಲವು ವರ್ಷ ನಾನೇ ಹೇಳಿ ಕಳಿಸುತ್ತಿದ್ದೆ: ‘ಸಾಕ್ಷಿ ಹೇಳುವ ದಿನ ಹಳೆಯ ಸೀರೆ ಉಟ್ಟು ಬಾ. ಕಿವಿಯೋಲೆ ತೆಗೆದಿಡು.’ ನನಗೆ ನನ್ನ ಸೀನಿಯರ್ ಹಾಗೆ ಕಲಿಸಿದ್ದರು, ಅವರಿಗೆ ಅವರ ಸೀನಿಯರ್. ಒಬ್ಬಳು ಆ ಮಾತು ಕೇಳಲಿಲ್ಲ. ಪಂಚಮಿಗೆ ಅಣ್ಣ ಕೊಡಿಸಿದ್ದ ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ ಬಂದಳು. ನಾನು ಗದರಿಸಿದೆ. ‘ಇರುವುದರಲ್ಲಿ ಚೆನ್ನಾಗಿರುವುದು ಇದೊಂದೇ ಅಕ್ಕಾ, ಕೋರ್ಟಿಗೆ ಬರುವಾಗ ಚೆನ್ನಾಗಿ ಬರಬೇಕಲ್ಲ’ ಎಂದಳು. ಪಾಟೀ ಸವಾಲಿನಲ್ಲಿ ಎದುರು ವಕೀಲರು ಕೇಳಿದ ಮೊದಲ ಪ್ರಶ್ನೆಯೇ ಆ ಸೀರೆಯ ಬೆಲೆ. ‘ಗೊತ್ತಿಲ್ಲ, ಅಣ್ಣ ಕೊಟ್ಟದ್ದು’ ಎಂದಳು. ‘ಅಂದರೆ ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆ’ ಎಂದರು ಅವರು. ಹಾಲಿನಲ್ಲಿ ಇಬ್ಬರು ನಕ್ಕರು.

ನಾನು ಆಕ್ಷೇಪ ಎತ್ತಿದೆ, ಆ ಪ್ರಶ್ನೆ ನಿಂತಿತು. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಇಸ್ತ್ರಿ ಮಾಡಿದ ಕೋಟು ಹಾಕಿ ಹೋದರೆ ಅದು ನ್ಯಾಯಾಲಯಕ್ಕೆ ತೋರುವ ಗೌರವ. ಅವಳು ತನ್ನ ಒಳ್ಳೆಯ ಸೀರೆ ಉಟ್ಟದ್ದೂ ಅದೇ ಗೌರವದಿಂದ, ಅದು ಅವಳ ವಿರುದ್ಧದ ಸಾಕ್ಷ್ಯವಾಯಿತು. ಅಷ್ಟು ವರ್ಷ ನಾನು ಹೇಳುತ್ತಿದ್ದ ‘ಹಳೆಯ ಸೀರೆ ಉಟ್ಟು ಬಾ’ ಎಂಬ ಮಾತೂ ಎದುರು ವಕೀಲರ ಪ್ರಶ್ನೆಯೂ ಒಂದೇ ಬೇರಿನವು. ಆಮೇಲೆ ಹಾಗೆ ಹೇಳುವುದನ್ನು ಬಿಟ್ಟೆ.

2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ನನಗೆ ದೊಡ್ಡ ಬಲವಾಯಿತು. ಜೀವನಾಂಶದ ಪ್ರಕರಣಗಳಲ್ಲಿ ಗಂಡ, ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಸಲ್ಲಿಸಬೇಕು ಎಂದಿತು. ಲೆಕ್ಕ ಕಾಗದದ ಮೇಲಿದ್ದಾಗ ಸೆರಗಿನ ಮೇಲೆ ಕಣ್ಣು ಹಾಯಿಸುವ ಅಗತ್ಯವಿಲ್ಲ. 2022ರಲ್ಲಿ ಕೋಯಿಕ್ಕೋಡಿನ ಸೆಷನ್ಸ್ ನ್ಯಾಯಾಲಯವೊಂದು ಜಾಮೀನು ಆದೇಶದಲ್ಲಿ ದೂರುದಾರೆಯ ಉಡುಗೆಯನ್ನು ‘ಪ್ರಚೋದನಕಾರಿ’ ಎಂದು ಬರೆದಿತ್ತು. ಕೇರಳ ಹೈಕೋರ್ಟು ಆ ಮಾತನ್ನು ಆದೇಶದಿಂದ ತೆಗೆದುಹಾಕಿತು. ಮರುವರ್ಷ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನ್ಯಾಯಾಧೀಶರಿಗೂ ವಕೀಲರಿಗೂ ಹೊರತಂದ ಕೈಪಿಡಿಯಲ್ಲಿ ‘ಪ್ರಚೋದನಕಾರಿ ಉಡುಗೆ’ ಎಂದು ಬರೆಯಬೇಡಿ, ‘ಉಡುಗೆ’ ಎಂದಷ್ಟೇ ಬರೆಯಿರಿ ಎಂದಿದೆ. ಆ ಸಾಲು ಓದಿದಾಗ ನನಗೆ ನನ್ನ ಹಸಿರು ಸೀರೆಯ ಕಕ್ಷಿದಾರಳ ನೆನಪಾಯಿತು. ನಿಮಗೂ ಇಂಥವರು ಬರುತ್ತಾರೆ. ಅವರು ಹೇಗೆ ಬಂದರೂ ಅರ್ಜಿಯಲ್ಲಿರುವುದನ್ನೇ ವಾದಿಸಿ.

ಸೀನಿಯರ್ ವಿಷಯ. ಮೊದಲ ದಿನವೇ ನೇರವಾಗಿ ಕೇಳಿ: ‘ಸರ್, ಠಾಕುಠೀಕು ಎಂದರೆ ಪರಿಷತ್ತಿನ ನಿಯಮದ ಉಡುಪು ತಾನೇ?’ ಹೌದು ಎಂದರೆ ಅಲ್ಲಿಗೆ ಮುಗಿಯಿತು. ಹೆಚ್ಚಿನವರ ಮನಸ್ಸಿನಲ್ಲಿ ಇರುವುದು ಒಗೆದ ಬಟ್ಟೆ, ಬಿಳಿ ಇರುವ ಬ್ಯಾಂಡು, ಇಷ್ಟೇ. ಮಾತು ಬಟ್ಟೆಯಿಂದ ಮೈಗೆ ಜಾರಿದರೆ, ಇಂದು ಚೆಂದ ಕಾಣುತ್ತೀ, ಇಂಥದ್ದನ್ನೇ ಹಾಕು ಎಂಬಲ್ಲಿಗೆ ಹೋದರೆ, ಸಹಿಸಿಕೊಂಡು ಕೂರಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಲೈಂಗಿಕ ಧಾಟಿಯ ಮಾತನ್ನೂ ಕಿರುಕುಳವೆಂದೇ ಹೇಳುತ್ತದೆ. ನಾನು ನನ್ನ ಎರಡನೆಯ ಕಚೇರಿಯನ್ನು ಇದೇ ಕಾರಣಕ್ಕೆ ಬಿಟ್ಟೆ. ಆಗ ಭಯವಾಗಿತ್ತು, ಆರು ತಿಂಗಳು ಕೈಯಲ್ಲಿ ಕೆಲಸವಿರಲಿಲ್ಲ. ಬಿಟ್ಟದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪ ಪಟ್ಟಿಲ್ಲ.

ಇನ್ನು ಆ ಎರಡು ಸೀರೆ. ಅವನ್ನು ಹಬ್ಬಕ್ಕೆ ಇಟ್ಟುಕೊಳ್ಳಿ. ಚಿತ್ತಾರವಿಲ್ಲದ ಎರಡು ಬಿಳಿ ಹತ್ತಿ ಸೀರೆ ಅಥವಾ ಎರಡು ಜೊತೆ ಬಿಳಿ ಚೂಡಿದಾರ, ಒಂದು ಕಪ್ಪು, ವರ್ಷ ಕಳೆಯಲು ಇಷ್ಟು ಸಾಕು. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ಅಗ್ಗದ ಹತ್ತಿಯೂ ನಿಲ್ಲುತ್ತದೆ. ಬ್ಯಾಂಡು ಮಾತ್ರ ನಾಲ್ಕು ಜೊತೆ ಇರಲಿ, ಬೆವರಿಗೆ ಬೇಗ ಹಳದಿಯಾಗುತ್ತವೆ. ಕೋರ್ಟಿನಿಂದ ಹೊರಬಂದ ಕೂಡಲೇ ತೆಗೆದು ಚೀಲಕ್ಕೆ ಹಾಕಿ. ಬ್ಯಾಂಡು ಹಾಕಿಕೊಂಡು ಸಂತೆ ಬೀದಿಯಲ್ಲಿ ತಿರುಗಬಾರದು ಎಂಬುದೂ ನಿಯಮದಲ್ಲಿದೆ. ಚಪ್ಪಲಿ ಸಪಾಟಾಗಿರಲಿ, ದಿನಕ್ಕೆ ಹತ್ತು ಸಲ ಮೆಟ್ಟಿಲು ಹತ್ತಿ ಇಳಿಯಬೇಕಾಗುತ್ತದೆ. ತಾಲ್ಲೂಕು ನ್ಯಾಯಾಲಯಗಳಿಗೆ ಹೋಗುವ ದಿನ ಸೀರೆಗಿಂತ ಚೂಡಿದಾರ ಒಳ್ಳೆಯದು, ಕೆಲವು ಕಡೆ ಹೆಣ್ಣುಮಕ್ಕಳ ಶೌಚಾಲಯದ ಸ್ಥಿತಿ ಹಾಗಿದೆ. ಅದಕ್ಕೆ ಹೆದರಿ ನೀರು ಕುಡಿಯುವುದನ್ನು ನಿಲ್ಲಿಸಬೇಡಿ, ನನ್ನ ಓರಗೆಯ ಅನೇಕರು ಹಾಗೆ ಮಾಡಿ ಕಾಯಿಲೆ ತಂದುಕೊಂಡರು.

ಹಣ ಉಳಿದರೆ ಎಲ್ಲವನ್ನೂ ಕೋಟು ಹೊಲಿಸಲು ಹಾಕಿ. ಸಿದ್ಧ ಉಡುಪಿನ ಅಂಗಡಿಯ ಲೇಡೀಸ್ ಕೋಟು ಕೊಳ್ಳಬೇಡಿ. ಕೋರ್ಟಿನ ಸುತ್ತ ವಕೀಲರ ಕೋಟು ಹೊಲಿಯುವ ದರ್ಜಿಗಳು ಇರುತ್ತಾರೆ, ಅಲ್ಲಿಗೆ ಹೋಗಿ ತೆಳುವಾದ ಬಟ್ಟೆ ಆರಿಸಿ, ಕೈ ಎತ್ತಿದರೆ ಭುಜ ಹಿಡಿಯದಂತೆ ಅಳತೆ ಕೊಡಿ. ಗಂಡಸರ ಕೋಟಿನಲ್ಲಿ ಮೊಬೈಲು, ಪೆನ್ನು, ಬೀಗದ ಕೈ, ಆಟೋ ಚಿಲ್ಲರೆ ಎಲ್ಲವೂ ಒಳಗೇ ಇರುತ್ತವೆ, ಎರಡೂ ಕೈ ಕಡತಕ್ಕೆ ಬಿಡುವಾಗಿರುತ್ತವೆ. ನಾವು ಒಂದು ಕೈಯಲ್ಲಿ ವ್ಯಾನಿಟಿ ಬ್ಯಾಗು ಹಿಡಿದು ವಾದಕ್ಕೆ ನಿಲ್ಲುತ್ತೇವೆ. ದರ್ಜಿ ‘ಲೇಡೀಸ್ ಕೋಟಿಗೆ ಒಳಜೇಬು ಇಡುವುದಿಲ್ಲ ಮೇಡಂ’ ಎನ್ನುತ್ತಾನೆ. ಇಡಲೇಬೇಕೆಂದು ಹೇಳಿ. ಎರಡು ಇಡಿಸಿ.