ಕಡಲ ತಳದಲ್ಲಿ ಕೆಸರಿನ ಪದರಗಳು ಹೇಗೆ ಉಂಟಾಗುತ್ತವೆ, ಹೇಗೆ ಉಳಿಯುತ್ತವೆ?

ನೀರಿನ ವೇಗ ಕುಗ್ಗಿದಾಗ ಕಣಗಳು ತಳಕ್ಕಿಳಿಯುತ್ತವೆ. ಇಳಿಯುವ ವಸ್ತು ಋತುವಿನೊಂದಿಗೆ ಬದಲಾಗುವುದರಿಂದ ಪದರಗಳು ಉಂಟಾಗುತ್ತವೆ. ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ನಮ್ಮ ಕಾಸರಗೋಡಿನ ಚಂದ್ರಗಿರಿ ಹೊಳೆ ಕಡಲನ್ನು ಸೇರಿದಾಗ ಮರಳು ಅಳಿವೆಯ ಸಮೀಪದಲ್ಲೇ ನಿಲ್ಲುತ್ತದೆ, ನಯವಾದ ಜೇಡಿಮಣ್ಣು ದೂರ ಸಾಗಿ ನಿಧಾನವಾಗಿ ಕೂರುತ್ತದೆ, ಅದರೊಂದಿಗೆ ಸೂಕ್ಷ್ಮಜೀವಿಗಳ ಸುಣ್ಣದ ಚಿಪ್ಪುಗಳೂ ಬೀಳುತ್ತವೆ.

ಆದರೆ ಪದರ ಉಂಟಾಗುವುದಕ್ಕಿಂತ ಅದು ಉಳಿಯುವುದೇ ಅಪರೂಪ. ತಳದ ಹುಳುಗಳೂ ಏಡಿಗಳೂ ಕೆಸರನ್ನು ಕೊರೆದು, ಗದ್ದೆಯನ್ನು ಉತ್ತಂತೆ, ಎಲ್ಲವನ್ನೂ ಕಲಸಿಬಿಡುತ್ತವೆ. ತೀರದ ಬಳಿ ಅಲೆಗಳೂ ಇದನ್ನೇ ಮಾಡುತ್ತವೆ. ಅರಬ್ಬೀ ಸಮುದ್ರದಲ್ಲಿ ಸುಮಾರು 150ರಿಂದ 1000 ಮೀಟರ್ ಆಳದ ನಡುವೆ ಆಮ್ಲಜನಕ ಅತ್ಯಲ್ಪವಾಗಿರುವುದರಿಂದ ತಳದ ಕೆಲವೆಡೆ ಇಂಥ ಜೀವಿಗಳು ಬಾಳಲಾರವು. ಹೀಗಾಗಿಯೇ ಪಾಕಿಸ್ತಾನದ ಕರಾವಳಿಯಾಚೆಯ ಆಳದಲ್ಲಿ, ಹೊಸ ಕೆಸರು ಮುಚ್ಚಿ ಕಾಪಾಡಿದ ವರ್ಷವರ್ಷದ ಪದರಗಳು ಎಣಿಸಬಹುದಾದಷ್ಟು ಸ್ಪಷ್ಟವಾಗಿ ಉಳಿದಿವೆ.